ಜಿಸಿಸಿ ಒಂದೇ, ನಡತೆ ಎರಡು

ಪ್ರಶ್ನೆ: ಸರ್, ನನ್ನದೊಂದು ಚಿಕ್ಕ ಸಿ ಪ್ರೋಗ್ರಾಂ. ಡೆಬಿಯನ್ ಎಂಬ ಲಿನಕ್ಸ್‌ನಲ್ಲಿ ತಕರಾರಿಲ್ಲದೆ ಬಿಲ್ಡ್ ಆಗುತ್ತದೆ. ಅದೇ ಮೇಕ್‌ಫೈಲನ್ನು (ಬಿಲ್ಡ್ ಮಾಡುವ ಆದೇಶಗಳ ಫೈಲ್) ಇನ್ನೊಂದು ಲಿನಕ್ಸ್ ಆದ ಉಬುಂಟುಗೆ ಒಯ್ದರೆ ಸ್ಕ್ವೇರ್‌ರೂಟ್ ಫಂಕ್ಷನ್‌ಗೆ ‘ಅನ್‌ಡಿಫೈನ್ಡ್ ರೆಫರೆನ್ಸ್’, ಅಂದರೆ ಆ ಫಂಕ್ಷನ್ ಸಿಗಲಿಲ್ಲ, ಎನ್ನುತ್ತದೆ! ಮ್ಯಾತ್ ಲೈಬ್ರರಿಯ ಫ್ಲ್ಯಾಗ್ ಕೊಟ್ಟಿದ್ದೇನೆ. ಕಂಪೈಲರ್ ಆದ ಜಿಸಿಸಿಯ ವರ್ಷನ್ ಎರಡೂ ಕಡೆ ಒಂದೇ. ತಲೆ ಕೆಟ್ಟುಹೋಗಿದೆ.

ಉತ್ತರ: ಕೊಟ್ಟಿದ್ದೀರಿ ಸರಿ, ಎಲ್ಲಿ ಕೊಟ್ಟಿದ್ದೀರಿ? ನೀವು ಕಳಿಸಿದ ಮೇಕ್‌ಫೈಲ್‌ನಲ್ಲಿ ಲೈಬ್ರರಿ ಮೊದಲು, ಆಬ್ಜೆಕ್ಟ್ ಫೈಲ್ (ನಿಮ್ಮ ಕೋಡ್ ಕಂಪೈಲ್ ಆಗಿ ಬಂದದ್ದು) ಆಮೇಲೆ ಇದೆ. 11.10ನೇ ಆವೃತ್ತಿಯಿಂದ ಉಬುಂಟುವಿನ ಜಿಸಿಸಿ, ನೀವು ಕೇಳದಿದ್ದರೂ, ಈ ತುಂಡುಗಳನ್ನು ಜೋಡಿಸುವ ಲಿಂಕರ್‌ಗೆ ‘ಆ್ಯಸ್-ನೀಡೆಡ್’ (ಬೇಕಾದ ಲೈಬ್ರರಿ ಮಾತ್ರ) ಅನ್ನುವ ಆಪ್ಷನ್ ದಾಟಿಸುತ್ತದೆ. ಲಿಂಕರ್ ಎಡದಿಂದ ಬಲಕ್ಕೆ ಓದುತ್ತಾ ಹೋಗುತ್ತದಲ್ವಾ, ಮ್ಯಾತ್ ಲೈಬ್ರರಿ ಎದುರಾದಾಗ ಅದನ್ನು ಇನ್ನೂ ಯಾರೂ ಕೇಳಿಲ್ಲ, ಹಾಗಾಗಿ ಬೇಡ ಅಂತ ಕೈಬಿಡುತ್ತದೆ, ಆಮೇಲೆ ಆಬ್ಜೆಕ್ಟ್ ಫೈಲ್ ಬಂದು ಸ್ಕ್ವೇರ್‌ರೂಟ್ ಕೊಡು ಅಂದರೆ ಕೊಡೋಕೆ ಏನೂ ಇರುವುದಿಲ್ಲ. ಹಳೆಯ ಡೆಬಿಯನ್‌ಗಳು ಈ ಆಪ್ಷನ್ ಹಾಕುತ್ತಿರಲಿಲ್ಲ, ನಿಮ್ಮದೂ ಅಂಥದ್ದೇ ಇರಬೇಕು. ಅಲ್ಲಿ ಶೇರ್ಡ್ ಲೈಬ್ರರಿ (ಪ್ರೋಗ್ರಾಂ ಓಡುವಾಗ ಸೇರಿಕೊಳ್ಳುವಂಥದ್ದು) ಮೊದಲು ಬಂದರೂ ಉಳಿದುಕೊಳ್ಳುತ್ತದೆ, ನಿಮ್ಮ ತಪ್ಪು ಮುಚ್ಚಿಹೋಗುತ್ತದೆ. ಲೈಬ್ರರಿಯನ್ನು ಸಾಲಿನ ಕೊನೆಗೆ ಹಾಕಿ, ಎರಡೂ ಕಡೆ ನಡೆಯುತ್ತದೆ.

ಬೇಡದ ಲೈಬ್ರರಿಗೆ ಸುಮ್ನೆ ಗಂಟುಬೀಳುವುದು ತಪ್ಪುತ್ತದೆ, ಆದ್ದರಿಂದ ಉಬುಂಟು ಮಾಡಿದ್ದರಲ್ಲಿ ಅರ್ಥವಿದೆ. ನನ್ನ ಸಿಟ್ಟು ವರ್ಷನ್ ನಂಬರ್ ಮೇಲೆ. ಒಳಗೆ ಏನು ಬದಲಾಗಿದೆ ಅಂತ ಅದು ಬಾಯಿಬಿಡುವುದಿಲ್ಲ. ಲಿಂಕ್ ಮಾಡುವಾಗ ಎಲ್ಲ ಹೆಜ್ಜೆ ತೋರಿಸುವ ವರ್ಬೋಸ್ ಫ್ಲ್ಯಾಗ್ ಹಾಕಿ, ಲಿಂಕರನ್ನು ಓಡಿಸುವ ‘ಕಲೆಕ್ಟ್2’ ಇರುವ ಉದ್ದದ ಸಾಲನ್ನು ಎರಡೂ ಮಷಿನ್‌ನಲ್ಲಿ ಪಕ್ಕಪಕ್ಕ ಇಟ್ಟು ನೋಡಿ. ಉಬುಂಟು ಆಪ್ಟಿಮೈಸೇಷನ್ ಜೊತೆ ‘ಫೋರ್ಟಿಫೈ ಸೋರ್ಸ್’ (ಮೆಮೊರಿ ತಪ್ಪು ಹಿಡಿಯುವ ತಪಾಸಣೆ) ಕೂಡ ತಾನೇ ಆನ್ ಮಾಡುತ್ತದೆ, ಅದರಿಂದ ಅದಿಲ್ಲದ ಕಡೆ ಕಾಣದ ವಾರ್ನಿಂಗ್‌ಗಳು ಬರುತ್ತವೆ. ವಾರ್ನಿಂಗನ್ನೇ ಎರರ್ ಮಾಡಿಕೊಂಡವರ ಬಿಲ್ಡ್ ಅಲ್ಲೇ ಮುಗ್ಗರಿಸುತ್ತದೆ.

ಇದಕ್ಕಿಂತ ಜಾಸ್ತಿ ಕಾಟ ಕೊಡುವುದು ಲಿಬ್‌ಟೂಲ್, ಅಂದರೆ ಲೈಬ್ರರಿ ಕಟ್ಟಲು ಬಳಸುವ ಸಾಧನ. ಒಂದು ಲೈಬ್ರರಿ ಅವಲಂಬಿಸಿದ ಉಳಿದ ಲೈಬ್ರರಿಗಳನ್ನೆಲ್ಲ ಲಿಂಕ್ ಮಾಡಬೇಡ ಅಂತ ಡೆಬಿಯನ್ ಅದಕ್ಕೆ ಪ್ಯಾಚ್ (ತನ್ನದೇ ತಿದ್ದುಪಡಿ) ಹಾಕಿದೆ. ಕಂಪೈಲರ್‌ನ ಪ್ಯಾಚ್ ಆ ಮಷಿನ್‌ನಲ್ಲೇ ಇರುತ್ತದೆ. ಲಿಬ್‌ಟೂಲ್ ಹಾಗಲ್ಲ, ಪ್ರಾಜೆಕ್ಟ್ ಒಳಗೇ ಕಾಪಿ ಆಗಿ ಕೂರುತ್ತದೆ. ಡೆಬಿಯನ್‌ನಲ್ಲಿ ಕೂತು ‘ಮೇಕ್ ಡಿಸ್ಟ್’ ಮಾಡಿದರೆ ಆ ಪ್ಯಾಚ್ ಟಾರ್‌ಬಾಲ್ (ಹಂಚಲು ಕಟ್ಟಿದ ಸೋರ್ಸ್ ಗಂಟು) ಹತ್ತಿ, ಫೆಡೋರಾ ಎಂಬ ಮತ್ತೊಂದು ಲಿನಕ್ಸ್ ಬಳಸುವವರ ಮನೆಗೂ ಹೋಗುತ್ತದೆ. ಅವರು ಡೆಬಿಯನ್ ಇನ್‌ಸ್ಟಾಲ್ ಮಾಡಿಯೇ ಇರುವುದಿಲ್ಲ, ಪಾಪ. ಅಂಥವರು ಬಿಲ್ಡ್ ಸ್ಕ್ರಿಪ್ಟ್‌ಗಳನ್ನು ಮತ್ತೆ ತಯಾರಿಸುವ ‘ಆಟೋರೀಕಾನ್ಫ್’ ಅನ್ನು ಫೋರ್ಸ್, ಇನ್‌ಸ್ಟಾಲ್ ಎರಡೂ ಫ್ಲ್ಯಾಗ್ ಜೊತೆ ಓಡಿಸಿದರೆ ಸ್ವಂತ ಮಷಿನ್‌ನ ಲಿಬ್‌ಟೂಲ್ ಬಂದು ಕೂರುತ್ತದೆ. ಅದರಲ್ಲೂ ಫೆಡೋರಾದವರ ಪ್ಯಾಚ್ ಇರಬಹುದು, ಆದರೆ ಆ ಮಷಿನ್‌ಗೆ ಹೊಂದುವಂಥದ್ದು.

ಪ್ರಶ್ನೆ: ಡೆಬಿಯನ್‌ನ ಪೈಥಾನ್ ಮಾಡ್ಯೂಲ್‌ಗಳನ್ನಿಡಲು ‘ಸೈಟ್-ಪ್ಯಾಕೇಜಸ್’ ಫೋಲ್ಡರ್ ಬಿಟ್ಟು ‘ಡಿಸ್ಟ್-ಪ್ಯಾಕೇಜಸ್’ ಬಳಸುವುದೇಕೆ? ನನ್ನ ಸ್ಕ್ರಿಪ್ಟ್ ಫೋಲ್ಡರ್ ಸಿಗದೆ ನಿಲ್ಲುತ್ತದೆ.

ಉತ್ತರ: ನೀವೇ ಸೋರ್ಸ್‌ನಿಂದ ಕಟ್ಟಿಕೊಂಡ ಪೈಥಾನ್‌ನ ಮಾಡ್ಯೂಲ್‌ಗಳೂ ಡೆಬಿಯನ್‌ನವೂ ಒಂದೇ ಫೋಲ್ಡರ್‌ನಲ್ಲಿ ಕಲಸಿಹೋಗದಿರಲಿ ಅಂತ. ಸ್ಕ್ರಿಪ್ಟ್‌ನಲ್ಲಿ ಪಾತ್ ಬರೆದಿಡಬೇಡಿ, ‘ಸಿಸ್‌ಕಾನ್ಫಿಗ್’ ಮಾಡ್ಯೂಲನ್ನೇ ಕೇಳಿ.