ಲೋಟ ಒಡೆಯಿತೋ, ನಾನು ಒಡೆದೆನೋ?

ಮೂರು, ನಾಲ್ಕನೇ ತರಗತಿಗೆ ಇಂಗ್ಲಿಷ್ ಪಠ್ಯಪುಸ್ತಕ ಬರೆಯುತ್ತಿದ್ದೇವೆ, ಅದು ಮಕ್ಕಳ ನಡತೆಯನ್ನೂ ತಿದ್ದುವಂತಿರಬೇಕು, ಎಂಥ ನೀತಿಕತೆಗಳನ್ನು ಆರಿಸಲಿ ಎಂದು ಕೇಳಿದ್ದೀರಿ. ಕತೆ ಯಾವುದಾದರೂ ಆಗಲಿ, ಮೊದಲು ಪಾಠದ ಕೊನೆಯಲ್ಲಿರುವ ‘ಈ ಕತೆಯ ನೀತಿ ಏನು?’ ಎಂಬ ಪ್ರಶ್ನೆಯನ್ನು ಕಿತ್ತುಹಾಕಿ.

ಪ್ರಾಥಮಿಕ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದಾಗ ನಾನೂ ಪರೀಕ್ಷೆಯಲ್ಲಿ ಅದನ್ನೇ ಕೇಳಿದ್ದೆ. ‘ಆನೆಸ್ಟಿ ಈಸ್ ದ ಬೆಸ್ಟ್ ಪಾಲಿಸಿ’ ಎಂದು ಬರೆಯಬೇಕಾದ ಕಡೆ ಒಂದು ಬೆಂಚಿನ ಅಷ್ಟೂ ಮಕ್ಕಳು ‘ಬೆಸ್ಟ್ ಪೊಲೀಸ್’ ಎಂದು ಬರೆದಿದ್ದರು. ಪ್ರಾಮಾಣಿಕತೆಯ ಉತ್ತರವನ್ನೇ ನಕಲು ಮಾಡಿದ್ದರು! ಅಂಕ ಕೊಟ್ಟೆನೋ ಇಲ್ಲವೋ ಎಂದು ಮಾತ್ರ ಕೇಳಬೇಡಿ. ಅಮೆರಿಕದಲ್ಲಿ 1836ರಿಂದ ಬಂದ ಮೆಕ್‌ಗಫಿ ವಾಚಕಗಳೆಂಬ ಶಾಲಾ ಪಠ್ಯಪುಸ್ತಕಗಳೂ ಓದಿನ ಜೊತೆಗೆ ನೀತಿಯನ್ನು ಅರೆದು ಕುಡಿಸಿದವೇ. ಆ ಕಷಾಯವನ್ನು ನಾವಿನ್ನೂ ಕುಡಿಸುತ್ತಲೇ ಇದ್ದೇವೆ.

ನನಗೆ ದಾರಿ ತೋರಿಸಿದವರು ಇಂಗ್ಲಿಷ್ ಬೋಧನೆಯ ತಜ್ಞ ಎನ್. ಎಸ್. ಪ್ರಭು. 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ಅವರು ನಡೆಸಿದ ಪ್ರಯೋಗ ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಹೆಸರಾಯಿತು. ವ್ಯಾಕರಣ ಪಾಠದ ಬದಲು ವೇಳಾಪಟ್ಟಿ, ನಕ್ಷೆಗಳನ್ನು ಮುಂದಿಟ್ಟು ಮಕ್ಕಳಿಂದ ಸಮಸ್ಯೆ ಬಿಡಿಸುತ್ತಿದ್ದರು. ಮನಸ್ಸು ಅರ್ಥದ ಮೇಲಿದ್ದರೆ ಭಾಷೆ ಹಿಂದೆಯೇ ಬರುತ್ತದೆ ಎಂಬುದು ಅವರ ನಂಬಿಕೆ. ಗುಣವೂ ಹಾಗೆಯೇ ಬರುತ್ತದೆ ಎಂದು ಸೇರಿಸಿಕೊಂಡವನು ನಾನು.

ಹೀಗೊಂದು ಪಾಠ ಮಾಡಿ ನೋಡಿ. ಬಿಸಿಯೂಟದ ಕೊನೆಗೆ ಒಂದೇ ಬಾಳೆಹಣ್ಣು ಉಳಿದಿದೆ. ಒಬ್ಬಳು ಬೆಳಿಗ್ಗೆ ಏನೂ ತಿಂದಿಲ್ಲ, ಒಬ್ಬ ಸಾಲಿನಲ್ಲಿ ಮೊದಲು ನಿಂತವನು, ಇನ್ನೊಬ್ಬ ಬಡಿಸಲು ನೆರವಾದವನು. ಹಣ್ಣು ಯಾರಿಗೆ, ಏಕೆ? ಉತ್ತರ ಪುಸ್ತಕದಲ್ಲಿ ಎಲ್ಲಿಯೂ ಇರಕೂಡದು, ಶಿಕ್ಷಕರ ಕೈಪಿಡಿಯಲ್ಲಂತೂ ಬೇಡವೇ ಬೇಡ. ಇಲ್ಲಿ ಮಗುವಿಗೆ ‘ಆನೆಸ್ಟಿ’, ‘ಕೈಂಡ್‌ನೆಸ್’ ಎಂಬ ಭಾರದ ಪದಗಳು ಬೇಕಾಗುವುದಿಲ್ಲ. ‘ಬಿಕಾಸ್’ ಮತ್ತು ‘ಬಟ್’ ಬೇಕಾಗುತ್ತವೆ. ಕಾರಣ ಕೊಡುವುದು, ಎದುರಿನವನ ಕಾರಣ ಕೇಳಿಸಿಕೊಳ್ಳುವುದು, ಇವೆರಡೂ ಆ ಎರಡು ಪುಟ್ಟ ಪದಗಳಲ್ಲಿವೆ.

ವ್ಯಾಕರಣದಲ್ಲೂ ಗುಣ ಅಡಗಿರುತ್ತದೆ. ನಮ್ಮ ‘ಒಡೆ’ ನೋಡಿ: ‘ಲೋಟ ಒಡೆಯಿತು’ ಎಂದರೆ ತಪ್ಪು ಯಾರದ್ದೂ ಅಲ್ಲ, ‘ಲೋಟ ಒಡೆದೆ’ ಎಂದರೆ ನನ್ನದು. ಇಂಗ್ಲಿಷಿನ ‘ಬ್ರೇಕ್’ಗೂ ಇದೇ ಎರಡು ಬಾಗಿಲು: ‘ಇಟ್ ಬ್ರೋಕ್’, ‘ಐ ಬ್ರೋಕ್ ಇಟ್’. ಮಗು ಮನೆಮಾತಿನಲ್ಲಿ ಆಗಲೇ ಬಲ್ಲ ಉಪಾಯವಿದು, ಬಿಡಿಸಿ ಹೇಳಬೇಕಿಲ್ಲ. ಚೂರಾದ ಲೋಟ, ಪಕ್ಕದಲ್ಲಿ ಹುಡುಗ, ಬಾಗಿಲಲ್ಲಿ ಅಮ್ಮ, ಇಷ್ಟೇ ಇರುವ ಚಿತ್ರ ಬರೆಸಿ, ಹುಡುಗ ಏನೆನ್ನುತ್ತಾನೆ ಎಂದು ಕೇಳಿ. ನನ್ನ ತರಗತಿಯಲ್ಲಿ ಒಬ್ಬ ‘ಕ್ಯಾಟ್ ಬ್ರೋಕ್ ಇಟ್’ ಎಂದ. ಚಿತ್ರದಲ್ಲಿ ಬೆಕ್ಕೇ ಇರಲಿಲ್ಲ. ಉಳಿದ ಹೊತ್ತೆಲ್ಲ ಇಡೀ ತರಗತಿ ಆ ಇಲ್ಲದ ಬೆಕ್ಕಿನ ಪರ ವಾದಿಸಿತು, ಅದೂ ಬಂದಷ್ಟು ಇಂಗ್ಲಿಷಿನಲ್ಲಿ.