‘ಅಮ್ಮನಿಗೆ ಕ್ಯಾನ್ಸರ್ ಅಂತ ಹೇಳಬೇಡಿ ಮೇಡಂ’

ದೊಡ್ಡ ಕರುಳಿನ ಕ್ಯಾನ್ಸರ್ ತಪಾಸಣೆಯ ವಿಚಾರ ಮಾತಾಡಲು ನನ್ನ ಹತ್ತಿರ ಕಳಿಸುವ ಹಿರಿಯರ ಜೊತೆ ಮಗನೋ ಮಗಳೋ ಸೊಸೆಯೋ ಬಂದಿರುತ್ತಾರೆ. ಹಿರಿಯರನ್ನು ಹೊರಗೆ ಕೂರಿಸಿ ಮೊದಲು ತಾವು ಒಳಗೆ ಬಂದು, ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿ ಹೇಳುತ್ತಾರೆ: “ಅವರಿಗೆ ಓದು ಬರಲ್ಲ, ಕ್ಯಾನ್ಸರ್ ಅಂದ್ರೆ ಗಾಬರಿಯಾಗ್ತಾರೆ. ಮಾಮೂಲಿ ಪರೀಕ್ಷೆ ಅಂತ ಹೇಳಿಬಿಡಿ.” ಇದರ ಹಿಂದೆ ಇರುವುದು ಪ್ರೀತಿಯೇ ಎಂದು ನನಗೆ ಗೊತ್ತು. ಆದರೂ ಒಪ್ಪುವುದಿಲ್ಲ. ಯಾಕೆ ಒಪ್ಪುವುದಿಲ್ಲ ಎಂಬುದನ್ನು ಒಂದೊಂದು ಮನೆಯವರಿಗೂ ಬಿಡಿಬಿಡಿಯಾಗಿ ಹೇಳುತ್ತಾ ಬಂದಿದ್ದೇನೆ. ಒಮ್ಮೆ ಪೂರ್ತಿಯಾಗಿ ಹೇಳಿಬಿಡೋಣ ಎಂದು ಈ ಪ್ರಕರಣ ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ತೆಗೆದಿದ್ದೇನೆ, ಕೆಲವನ್ನು ಬದಲಿಸಿದ್ದೇನೆ.

ಆಕೆಗೆ ಅರವತ್ತರ ಹತ್ತಿರ ವಯಸ್ಸು. ಸಹಿ ಹಾಕಲು ಕಲಿತಿದ್ದರು, ಓದಲು ಬಾರದು. ಬಿ.ಪಿ. ಮಾತ್ರೆಗೆಂದು ಬಂದಾಗ ವೈದ್ಯರು ಎರಡು ಬಾರಿ ಮಲ ಪರೀಕ್ಷೆಯ ಕಿಟ್ ಕೊಟ್ಟು ಕಳಿಸಿದ್ದರು. ಎರಡೂ ಬಾರಿ ಕಿಟ್ ವಾಪಸ್ ಬರಲಿಲ್ಲ. ಫೈಲಿನಲ್ಲಿ ‘ಸಹಕರಿಸುತ್ತಿಲ್ಲ’ ಎಂದು ಷರಾ ಬಿದ್ದಿತ್ತು. ಇಂಥ ಷರಾ ಕಂಡಾಗೆಲ್ಲ ನನಗೆ ಸಿಟ್ಟು ಬರುತ್ತದೆ. ಯಾಕೆ ಕೊಡಲಿಲ್ಲ ಎಂದು ಒಬ್ಬರಾದರೂ ಕೂತು ಕೇಳಿದ ಸುಳಿವು ಆ ಫೈಲಿನಲ್ಲಿ ಇರುವುದಿಲ್ಲ.

ಮಗಳು ಎಂದಿನಂತೆ ಮೊದಲು ಒಬ್ಬಳೇ ಬಂದಳು, ಎಂದಿನ ಮಾತನ್ನೇ ಆಡಿದಳು. “ಅಮ್ಮನ ಎದುರಿಗೇ ಮಾತಾಡೋಣ. ಅವರು ಏನಾದರೂ ಕೇಳಿದರೆ ನಾನು ಸುಳ್ಳು ಹೇಳುವವಳಲ್ಲ, ಅದನ್ನ ಈಗಲೇ ಹೇಳಿಬಿಡ್ತೀನಿ” ಎಂದೆ. ಅವಳ ಮುಖ ಬಾಡಿತು. ಆದರೂ ಹೋಗಿ ಕರೆದುಕೊಂಡು ಬಂದಳು.

ನಾನು ಯಾರನ್ನೂ “ಅರ್ಥವಾಯಿತಾ?” ಎಂದು ಕೇಳುವುದಿಲ್ಲ. ಆ ಪ್ರಶ್ನೆಗೆ ಹೂಂ ಅನ್ನುವುದು ಮರ್ಯಾದೆಯ ಉತ್ತರ. ಓದು ಬಾರದವರಂತೂ ಬದುಕಿನುದ್ದಕ್ಕೂ ಅದೇ ಉತ್ತರ ಕೊಟ್ಟು ಪಾರಾಗಿರುತ್ತಾರೆ. ಕಿಟ್ಟನ್ನು ಮೇಜಿನ ಮೇಲಿಟ್ಟು, “ಅಮ್ಮಾ, ಇದನ್ನ ನಿಮಗೆ ಯಾಕೆ ಕೊಟ್ಟಿದ್ದರು ಅಂತ ಅಂದುಕೊಂಡಿದ್ದೀರಿ?” ಎಂದು ಕೇಳಿದೆ.

“ಹೊಟ್ಟೇಲಿ ಹುಳ ಇದೆಯಾ ಅಂತ ನೋಡೋಕೆ ಅಲ್ವಾ? ನನಗೆ ಹುಳ ಇಲ್ಲ ತಾಯಿ. ಅದಕ್ಕೇ ಕೊಡಲಿಲ್ಲ.”

ಮಗಳು ತಲೆ ಎತ್ತಿದಳು. ಮನೆಯಲ್ಲಿ ಅವಳೇ ‘ಮಾಮೂಲಿ ಪರೀಕ್ಷೆ’ ಎಂದು ಹೇಳಿದ್ದಳು. ಆಕೆ ತನಗೆ ಗೊತ್ತಿದ್ದ ಮಾಮೂಲಿ ಮಲ ಪರೀಕ್ಷೆ ಯಾವುದೋ ಅದೇ ಇದು ಎಂದುಕೊಂಡರು, ತನಗೆ ಬೇಕಿಲ್ಲ ಎಂದು ತೀರ್ಮಾನಿಸಿದರು. ಅವರಿಗೆ ತಿಳಿಸಿದ್ದಷ್ಟನ್ನೇ ಇಟ್ಟುಕೊಂಡು ನೋಡಿದರೆ ಆ ತೀರ್ಮಾನ ಸರಿಯಾಗಿಯೇ ಇತ್ತು.

“ಹುಳಕ್ಕಲ್ಲ ಅಮ್ಮಾ. ದೊಡ್ಡ ಕರುಳಿನಲ್ಲಿ ಕ್ಯಾನ್ಸರ್ ಇದೆಯಾ, ಮುಂದೆ ಕ್ಯಾನ್ಸರ್ ಆಗೋ ಗಂಟು ಇದೆಯಾ ಅಂತ ನೋಡೋಕೆ” ಎಂದೆ. ಮಗಳು ತಕ್ಷಣ, “ಹಾಗೇನಿಲ್ಲಮ್ಮ, ಸುಮ್ನೆ ಒಂದು…” ಎಂದು ಶುರು ಮಾಡಿದಳು. ಆಕೆ ಕೈ ಎತ್ತಿ ಮಗಳನ್ನು ತಡೆದರು. ಸ್ವಲ್ಪ ಹೊತ್ತು ಕಿಟ್ಟನ್ನೇ ನೋಡುತ್ತಿದ್ದು ಅಂದರು: “ಹಾಗಾದ್ರೆ ನನಗೆ ಬೇಡವೇ ಬೇಡ. ನನ್ನ ಓರಗಿತ್ತಿ ಚೆನ್ನಾಗೇ ಓಡಾಡಿಕೊಂಡಿದ್ದಳು. ಆಸ್ಪತ್ರೇಲಿ ಹಿಂದಿನಿಂದ ಪೈಪ್ ಹಾಕಿ ನೋಡಿದರು. ಆಮೇಲೆ ಅವಳು ಮೇಲೇಳಲೇ ಇಲ್ಲ. ಕೆದಕದೆ ಇದ್ದಿದ್ದರೆ ಇನ್ನೂ ನಾಲ್ಕು ದಿನ ಇರೋಳು.”

ಈ ಮಾತನ್ನು ‘ಮೂಢನಂಬಿಕೆ’ ಎಂದು ತಳ್ಳಿಹಾಕುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಅವರು ಕಣ್ಣಾರೆ ಕಂಡಿದ್ದು ಒಂದೇ ಒಂದು ಪರೀಕ್ಷೆ, ಅದರ ಬೆನ್ನಿಗೇ ಒಂದು ಸಾವು. ರೋಗ ಬಲಿತ ಮೇಲೆ ಪರೀಕ್ಷೆಗೆ ಹೋದವರನ್ನಷ್ಟೇ ನೋಡಿದವರಿಗೆ ಪರೀಕ್ಷೆಯೇ ಕೊಂದಂತೆ ಕಾಣುವುದು ಸಹಜ. ಬೇಗ ಸಿಕ್ಕಿ, ಗಂಟು ತೆಗೆಸಿಕೊಂಡು ಮನೆಗೆ ಹೋದವರು ಆ ವಿಷಯವನ್ನು ಯಾರ ಹತ್ತಿರವೂ ಆಡುವುದಿಲ್ಲ, ಹಾಗಾಗಿ ಅಂಥವರು ಯಾರ ಕಣ್ಣಿಗೂ ಬೀಳುವುದಿಲ್ಲ. ನಾನು ವಾದಕ್ಕೆ ಇಳಿಯಲಿಲ್ಲ. “ಪೈಪ್ ಹಾಕುವುದಕ್ಕೆ ಮುಂಚೆ ಅವರು ಹೇಗಿದ್ದರು? ಒಂದು ವರ್ಷ ಹಿಂದಕ್ಕೆ ಹೋಗಿ ಹೇಳಿ” ಎಂದೆ.

ನೆನಪು ಮಾಡಿಕೊಂಡು ಹೇಳುತ್ತಾ ಹೋದರು. ರವಿಕೆಗಳೆಲ್ಲ ಸಡಿಲವಾಗಿದ್ದವು, ಹೊಲಿಗೆ ಹಾಕಿಸಿಕೊಂಡಿದ್ದಳು. ಕಕ್ಕಸಿಗೆ ಹೋದರೆ ರಕ್ತ ಬೀಳುತ್ತಿತ್ತು, ಮೂಲವ್ಯಾಧಿ ಎಂದುಕೊಂಡು ಮುಲಾಮು ಹಚ್ಚುತ್ತಿದ್ದಳು. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಹೇಳುತ್ತಿದ್ದವರು ಅಲ್ಲಿಗೆ ನಿಂತರು. ನನ್ನ ಕಡೆ ತಿರುಗಿ ಕೇಳಿದರು:

“ಹಾಗಾದ್ರೆ ಪೈಪ್ ಹಾಕೋಕೆ ಮುಂಚೇನೇ ಇತ್ತಾ ಅದು?”

“ಇತ್ತಮ್ಮ. ಬಹಳ ಮುಂಚೆಯಿಂದಲೇ ಇತ್ತು.”

“ಅವಳಿಗೂ ಈ ಡಬ್ಬಿ ಕೊಟ್ಟಿದ್ರೆ?”

ಈ ಪ್ರಶ್ನೆಗೆ ಕೊಡುವ ಉತ್ತರದಲ್ಲಿ ಅತಿಯಾಸೆ ತೋರಿಸಬಾರದು. ಬದುಕುತ್ತಿದ್ದರು ಎನ್ನಲು ನಾನು ಯಾರು? ಹೀಗೆ ಹೇಳಿದೆ: ಚರ್ಮದ ಮೇಲೆ ನರೂಲಿ ಏಳುವ ಹಾಗೆ ಕರುಳಿನ ಒಳಗೋಡೆಯಲ್ಲಿ ಸಣ್ಣ ಗಂಟು ಏಳುತ್ತದೆ, ಅದಕ್ಕೆ ಪಾಲಿಪ್ ಎನ್ನುತ್ತಾರೆ. ಹೆಚ್ಚಿನವು ಏನೂ ಮಾಡುವುದಿಲ್ಲ. ಕೆಲವು ನಿಧಾನವಾಗಿ, ಸಾಮಾನ್ಯವಾಗಿ 10 ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ತೆಗೆದುಕೊಂಡು ಕ್ಯಾನ್ಸರ್ ಆಗುತ್ತವೆ. ಅಷ್ಟು ವರ್ಷ ನೋವಿಲ್ಲ, ಕಣ್ಣಿಗೆ ಕಾಣುವ ರಕ್ತವೂ ಇಲ್ಲ. ಕಣ್ಣಿಗೆ ಕಾಣದಷ್ಟು ರಕ್ತ ಮಲದಲ್ಲಿ ಇದ್ದರೆ ಈ ಡಬ್ಬಿ ಪತ್ತೆ ಹಚ್ಚುತ್ತದೆ. ಗಂಟು ಗಂಟಾಗಿರುವಾಗಲೇ ಸಿಕ್ಕರೆ ಪೈಪಿನ ಮೂಲಕವೇ ತೆಗೆಯುತ್ತಾರೆ, ಹೊಟ್ಟೆ ಕೊಯ್ಯುವ ಪ್ರಸಂಗ ಸಾಮಾನ್ಯವಾಗಿ ಬರುವುದಿಲ್ಲ.

ನಡುವೆ ಇನ್ನೊಂದು ಕೇಳಿಕೊಂಡೆ. ಓರಗಿತ್ತಿ ಎಂದರೆ ಗಂಡನ ಮನೆಯ ಸಂಬಂಧ, ರಕ್ತಸಂಬಂಧವಲ್ಲ. ಈಕೆಯ ಸ್ವಂತ ತಂದೆ, ತಾಯಿ, ಅಕ್ಕತಂಗಿ, ಅಣ್ಣತಮ್ಮಂದಿರಲ್ಲಿ ಯಾರಿಗೂ ಈ ಕಾಯಿಲೆ ಬಂದಿರಲಿಲ್ಲ. ಬಂದಿದ್ದರೆ ನನ್ನ ಸಲಹೆಯೇ ಬೇರೆ ಇರುತ್ತಿತ್ತು, ಕಿಟ್ ಬದಿಗಿಟ್ಟು ನೇರವಾಗಿ ಕೊಲೊನೋಸ್ಕೋಪಿಯ, ಅಂದರೆ ಆ ಪೈಪ್ ಪರೀಕ್ಷೆಯ, ಮಾತಾಡುತ್ತಿದ್ದೆ.

ಆಮೇಲೆ, ಕಿಟ್ ಕೈಗೆ ಕೊಡುವ ಮುನ್ನವೇ, ಮುಂದಿನ ಹೆಜ್ಜೆಯ ಪ್ರಶ್ನೆ ಇಟ್ಟೆ: “ರಕ್ತ ಕಂಡರೆ ಪೈಪ್ ಪರೀಕ್ಷೆ ಮಾಡಿಸಲೇಬೇಕಾಗುತ್ತೆ. ಇದೇ ಡಬ್ಬಿ ಇನ್ನೊಂದು ಸಲ ಕೊಟ್ಟರೆ ಆಗಲ್ಲ. ಅದಕ್ಕೆ ಬರ್ತೀರಾ?” ಸಲಹೆ ಕೊಡುವ ಹಲವರು ಇದನ್ನು ಆಮೇಲೆ ನೋಡಿಕೊಳ್ಳೋಣ ಎನ್ನುತ್ತಾರೆ. ನನ್ನ ದೃಷ್ಟಿಯಲ್ಲಿ ಇದು ಮೊದಲೇ ಕೇಳಬೇಕಾದ ಪ್ರಶ್ನೆ. ರಕ್ತ ಕಂಡ ಮೇಲೂ ಕೊಲೊನೋಸ್ಕೋಪಿಗೆ ಹೋಗದಿದ್ದರೆ ಮಲ ಪರೀಕ್ಷೆ ಮಾಡಿಸಿ ಏನು ಫಲ? ಹತ್ತು ತಿಂಗಳಿಗೂ ಹೆಚ್ಚು ತಡ ಮಾಡಿದವರಲ್ಲಿ ಕ್ಯಾನ್ಸರ್ ಸಿಗುವ ಸಂಭವ, ಅದೂ ಮುಂದುವರಿದ ಹಂತದಲ್ಲಿ, ಹೆಚ್ಚು ಎಂದು 2017ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನ ತೋರಿಸಿದೆ. ‘ಮಾಮೂಲಿ’ ಎಂದು ನಂಬಿಸಿ ಕಿಟ್ ತರಿಸಿಕೊಂಡರೆ, ರಕ್ತ ಕಂಡ ದಿನ ಏನು ಹೇಳುವುದು? ಅಂದು ಸುಳ್ಳು ಬಯಲಾಗುತ್ತದೆ, ಜೊತೆಗೆ ನಮ್ಮ ಮೇಲಿನ ನಂಬಿಕೆಯೂ ಹೋಗುತ್ತದೆ. ಅವರು ನಮ್ಮನ್ನು ಎಲ್ಲಕ್ಕಿಂತ ಹೆಚ್ಚು ನಂಬಬೇಕಾದ ದಿನವೂ ಅದೇ.

“ನೋವಾಗುತ್ತಾ?” ಎಂದು ಕೇಳಿದರು. ಮಂಪರು ಬರುವ ಮದ್ದು ಕೊಡುತ್ತಾರೆ, ಆದ್ದರಿಂದ ಹೆಚ್ಚಿನವರಿಗೆ ನೋವು ತಿಳಿಯುವುದಿಲ್ಲ. ಕಷ್ಟವೆಲ್ಲ ಅದರ ಹಿಂದಿನ ದಿನದ್ದು, ಭೇದಿಯ ಔಷಧಿ ಕುಡಿದು ಕರುಳು ಪೂರ್ತಿ ಖಾಲಿ ಮಾಡಬೇಕು. ಕರುಳಿಗೆ ತೂತಾಗುವ ಅಪಾಯ ಹತ್ತು ಸಾವಿರದಲ್ಲಿ ಕೆಲವೇ ಮಂದಿಗೆ, ಆದರೆ ಇಲ್ಲವೇ ಇಲ್ಲ ಎನ್ನುವಂತಿಲ್ಲ. ಇದಿಷ್ಟನ್ನೂ ಹೇಳಿದೆ. ರಕ್ತ ಕಂಡ ಬಹುಪಾಲು ಜನರಿಗೆ ಕ್ಯಾನ್ಸರ್ ಇರುವುದಿಲ್ಲ ಎಂದೂ ಹೇಳಿದೆ. ಯೋಚಿಸಿ, “ಬರ್ತೀನಿ. ಇವಳು ಜೊತೆಗೆ ಬರಬೇಕು” ಎಂದರು, ಮಗಳ ಕಡೆ ಬೆರಳು ಮಾಡಿ.

ಇನ್ನು ಕಿಟ್. ಕಿಟ್ಟಿನೊಳಗಿದ್ದ ಕಾಗದದಲ್ಲಿ ಒತ್ತೊತ್ತಾಗಿ ಸಣ್ಣಕ್ಷರದ ಸೂಚನೆಗಳು. ಅದನ್ನು ಮಡಿಸಿ ಪಕ್ಕಕ್ಕಿಟ್ಟೆ. ಬೆರಳುದ್ದದ ಸೀಸೆ, ಮುಚ್ಚಳಕ್ಕೇ ಅಂಟಿಕೊಂಡ ಕಡ್ಡಿ, ಕಡ್ಡಿಯ ತುದಿಯಲ್ಲಿ ಗೀರು ಗೀರು. ಮಲ ನೀರಿಗೆ ಬೀಳದಂತೆ ಕಾಗದ ಹಾಸಿಕೊಳ್ಳುವುದು, ಕಡ್ಡಿಯಿಂದ ನಾಲ್ಕೈದು ಕಡೆ ಮೇಲ್ಮೇಲೆ ಗೀರುವುದು, ಆ ಗೀರುಗಳು ತುಂಬಿದರೆ ಸಾಕು, ಮತ್ತೆ ಸೀಸೆಗಿಟ್ಟು ‘ಟಕ್’ ಅನ್ನುವ ತನಕ ಒತ್ತುವುದು. ಜೇಡಿಮಣ್ಣಿನ ಉಂಡೆಯ ಮೇಲೆ ಮಾಡಿ ತೋರಿಸಿ, “ಈಗ ನನಗೆ ಗೊತ್ತಿಲ್ಲ ಅಂದುಕೊಳ್ಳಿ, ನೀವು ಹೇಳಿಕೊಡಿ” ಎಂದೆ. ಸೀಸೆ ತೆಗೆದುಕೊಂಡವರು ಮುಚ್ಚಳ ಬಿಚ್ಚಿದ್ದೇ ಒಳಗಿನ ದ್ರವವನ್ನು ಚೆಲ್ಲಲು ಹೊರಟರು! ತೊಳೆದು ಬಿಟ್ಟ ನೀರು ಉಳಿದಿರಬೇಕು ಎಂದುಕೊಂಡಿದ್ದರಂತೆ. ಆ ದ್ರವ ಹೋದರೆ ಪರೀಕ್ಷೆಯೇ ಹೋದಂತೆ. ಎದುರಿಗೆ ಕೂತು ಮಾಡಿಸದಿದ್ದರೆ ಇದು ನನಗೆ ತಿಳಿಯುವ ದಾರಿಯೇ ಇರಲಿಲ್ಲ. ಎರಡನೇ ಸಲ ಸರಿಯಾಗಿ ಮಾಡಿ ತೋರಿಸಿದರು, ಮಗಳಿಗೂ ಅವರೇ ಹೇಳಿಕೊಟ್ಟರು. ಊಟದಲ್ಲಿ ಏನನ್ನೂ ಬಿಡಬೇಕಿಲ್ಲ ಎಂದು ಕೇಳಿ ಖುಷಿಪಟ್ಟರು. ಹಳೆಯ ಬಗೆಯ ಪರೀಕ್ಷೆಗೆ ಪಥ್ಯ ಬೇಕಿತ್ತು, ಈಗಿನ ಫಿಟ್ ಪರೀಕ್ಷೆ, ಅಂದರೆ ಈ ಕಿಟ್, ಮನುಷ್ಯರ ರಕ್ತವನ್ನಷ್ಟೇ ಗುರುತಿಸುವುದರಿಂದ ಪಥ್ಯ ಬೇಡ.

ಆ ವಾರದಲ್ಲೇ ಕಿಟ್ ಬಂತು. ರಕ್ತ ಇತ್ತು. ಮಗಳು ಫೋನ್ ಮಾಡಿ, “ಅಮ್ಮನಿಗೆ ಹೇಗೆ ಹೇಳೋದು ಮೇಡಂ?” ಎಂದು ಅತ್ತಳು. ಅಮ್ಮನಿಗೆ ಕೊಡು ಎಂದೆ. ವಿಷಯ ಕೇಳಿದವರು, “ಪೈಪ್ ಪರೀಕ್ಷೆ ಯಾವತ್ತು?” ಎಂದಷ್ಟೇ ಕೇಳಿದರು. ಭೇದಿ ಔಷಧಿಯನ್ನು ಎಷ್ಟು ಹೊತ್ತಿಗೆ ಎಷ್ಟು ಕುಡಿಯಬೇಕು ಎಂಬುದನ್ನು ಮಗಳ ಮೊಬೈಲಿಗೆ ನನ್ನ ದನಿಯಲ್ಲೇ ರೆಕಾರ್ಡ್ ಮಾಡಿ ಕಳಿಸಿದೆ. ಎರಡು ಪಾಲಿಪ್ ಸಿಕ್ಕವು, ಒಂದು 12 ಮಿಲಿಮೀಟರಿನದು. ಎರಡನ್ನೂ ಅಲ್ಲೇ ತೆಗೆದರು. ಕ್ಯಾನ್ಸರ್ ಇರಲಿಲ್ಲ. ಮೂರು ವರ್ಷದ ನಂತರ ಮತ್ತೆ ನೋಡಬೇಕು ಎಂದಿದ್ದಾರೆ.

ಮಗಳು ಮಾತ್ರ ಬಹಳ ದಿನ ನನ್ನ ಮೇಲೆ ಮುನಿಸಿಕೊಂಡಿದ್ದಳು. ಆ ರಾತ್ರಿಗಳಲ್ಲಿ ಅಮ್ಮ ನಿದ್ದೆ ಮಾಡಿಲ್ಲ, ಅದಕ್ಕೆ ನೀವೇ ಕಾರಣ ಎಂದಳು. ನಿಜ, ಆಕೆ ಹೆದರಿದ್ದರು. ನನ್ನ ಸಲಹೆಯಿಂದ ಯಾರಿಗೂ ಹೆದರಿಕೆಯೇ ಆಗದು ಎಂದು ನಾನು ಹೇಳುವುದಿಲ್ಲ. ಆದರೆ ವಿಷಯ ತಿಳಿದು ಹೆದರಿದವರ ಪಕ್ಕದಲ್ಲಿ ಕೂರಬಹುದು, ಕೇಳಿದ್ದಕ್ಕೆ ಉತ್ತರ ಹೇಳಬಹುದು. ಏನು ನಡೆಯುತ್ತಿದೆ ಎಂದೇ ತಿಳಿಯದೆ ಮನೆಯವರ ಮುಖ ನೋಡಿ ಊಹಿಸುತ್ತಾ ಹೆದರುವವರಿಗೆ ಯಾರೂ ಏನೂ ಮಾಡಲಾಗದು. ಓದು ಬಾರದು ಎಂದರೆ ತಡೆದುಕೊಳ್ಳುವ ಶಕ್ತಿಯೂ ಇಲ್ಲ ಎಂದು ನಾವು ಯಾಕೆ ಅಂದುಕೊಳ್ಳಬೇಕು? ಮಗಳನ್ನು ಕೈಯೆತ್ತಿ ತಡೆದವರು ಆಕೆಯೇ.

ಸಹೋದ್ಯೋಗಿ ವೈದ್ಯರೊಬ್ಬರ ಆಕ್ಷೇಪ ಬೇರೆ: ಮೊದಲೇ ಕೊಲೊನೋಸ್ಕೋಪಿ ಮಾಡಿಸು ಎನ್ನಬೇಕಿತ್ತು, ಅದೇ ಹೆಚ್ಚು ನಿಖರ. ನಿಖರತೆಯ ಮಾತು ಒಪ್ಪುತ್ತೇನೆ. ಫಿಟ್ ಪರೀಕ್ಷೆ ಒಂದು ಸಲಕ್ಕೆ ಐದರಲ್ಲಿ ಸುಮಾರು ನಾಲ್ಕು ಕ್ಯಾನ್ಸರನ್ನು ಹಿಡಿಯುತ್ತದೆ, ಪಾಲಿಪ್‌ಗಳಲ್ಲಿ ಬಹಳಷ್ಟನ್ನು ಬಿಡುತ್ತದೆ. ಅದಕ್ಕೇ ವರ್ಷಕ್ಕೊಮ್ಮೆ ಮಾಡಿಸಬೇಕು, ಈ ಸಲ ರಕ್ತ ಇಲ್ಲ ಎಂದರೆ ಜನ್ಮಪೂರ್ತಿ ನಿಶ್ಚಿಂತೆ ಎಂದಲ್ಲ. ಆದರೆ ಮಾಡಿಸದೇ ಉಳಿದ ನಿಖರ ಪರೀಕ್ಷೆಯಿಂದ ಯಾರಿಗೆ ಪ್ರಯೋಜನ? ಅಮೆರಿಕದಲ್ಲಿ ಸುಮಾರು ಸಾವಿರ ಜನರ ಮೇಲೆ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕೊಲೊನೋಸ್ಕೋಪಿ ಒಂದನ್ನೇ ಸೂಚಿಸಿದವರಲ್ಲಿ ವರ್ಷದೊಳಗೆ ತಪಾಸಣೆ ಮುಗಿಸಿದವರು ಶೇ. 38. ಮಲ ಪರೀಕ್ಷೆ ಸೂಚಿಸಿದವರಲ್ಲಿ ಶೇ. 67, ಎರಡರಲ್ಲಿ ಆಯ್ಕೆ ಕೊಟ್ಟವರಲ್ಲಿ ಶೇ. 69. ಈಗಿನಷ್ಟು ಸೂಕ್ಷ್ಮವಲ್ಲದ ಹಳೆಯ ಮಲ ಪರೀಕ್ಷೆಯನ್ನೇ ವರ್ಷವರ್ಷವೂ ಮಾಡಿಸಿದ ಅಮೆರಿಕದ ಮಿನ್ನೆಸೋಟಾ ಅಧ್ಯಯನದಲ್ಲೂ (1993) ಈ ಕ್ಯಾನ್ಸರಿನಿಂದಾದ ಸಾವು ಮೂರನೇ ಒಂದರಷ್ಟು ತಗ್ಗಿತ್ತು. 2022 ಒಂದೇ ವರ್ಷದಲ್ಲಿ ಜಗತ್ತಿನಾದ್ಯಂತ 9 ಲಕ್ಷಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡ ಕಾಯಿಲೆ ಇದು. ಪೈಪಿನ ಹೆಸರಿಗೇ ಎದ್ದು ಹೋಗುತ್ತಿದ್ದ ಆಕೆಗೆ ನಾನು ಕೊಟ್ಟ ಸಲಹೆ ಅವರು ಇಡಬಲ್ಲ ಮೊದಲ ಹೆಜ್ಜೆಯದು. ಇಂದೂ ಅದನ್ನೇ ಕೊಡುತ್ತೇನೆ.

ಅಪ್ಪಅಮ್ಮಂದಿರನ್ನು ಕರೆತರುವ ಮಕ್ಕಳು ತಮ್ಮ ಬಗ್ಗೆಯೂ ಕೇಳಿ ತಿಳಿದುಕೊಳ್ಳಬೇಕು. ಮನೆಯಲ್ಲಿ ಯಾರಿಗೂ ಇಲ್ಲದವರಿಗೆ ತಪಾಸಣೆ ಶುರುವಾಗುವುದು ಹಲವು ದೇಶಗಳಲ್ಲಿ 50ಕ್ಕೆ, ಅಮೆರಿಕದಲ್ಲಿ 2021ರಿಂದ ಅದನ್ನು 45ಕ್ಕೆ ಇಳಿಸಿದ್ದಾರೆ. ತಂದೆತಾಯಿಗೆ ಅಥವಾ ಒಡಹುಟ್ಟಿದವರಿಗೆ ಈ ಕ್ಯಾನ್ಸರ್ ಅಥವಾ ಒಂದು ಸೆಂಟಿಮೀಟರಿಗಿಂತ ದೊಡ್ಡ, ಅಡಿನೋಮಾ ಎಂಬ (ಮುಂದೆ ಕ್ಯಾನ್ಸರ್ ಆಗಬಲ್ಲ) ಜಾತಿಯ ಪಾಲಿಪ್ ಬಂದಿದ್ದರೆ 40ಕ್ಕೆ, ಅಥವಾ ಅವರಿಗೆ ಪತ್ತೆಯಾದ ವಯಸ್ಸಿಗಿಂತ 10 ವರ್ಷ ಮೊದಲು, ಯಾವುದು ಮೊದಲೋ ಆಗ, ವೈದ್ಯರನ್ನು ಕಾಣಬೇಕು. ಆ ಮಗಳಿಗೂ ಈ ಮಾತು ಅನ್ವಯಿಸುತ್ತದೆ. ಅಮ್ಮನಿಗೆ ವಿಷಯ ಪೂರ್ತಿ ಗೊತ್ತಿದ್ದರಿಂದ ಅವರೇ ಕೂರಿಸಿಕೊಂಡು ಹೇಳಿದ್ದಾರೆ.

ಮತ್ತೆ, ಓರಗಿತ್ತಿಯ ಹಾಗೆ ಮಲದಲ್ಲಿ ರಕ್ತ ಕಣ್ಣಿಗೇ ಕಾಣುತ್ತಿರುವವರು, ಕಾರಣವಿಲ್ಲದೆ ತೂಕ ಇಳಿಯುತ್ತಿರುವವರು, ರಕ್ತಹೀನತೆ ಇದೆ ಎನ್ನಿಸಿಕೊಂಡವರು, ಮಲವಿಸರ್ಜನೆಯ ರೀತಿ ಕೆಲವು ವಾರಗಳಿಂದ ಬದಲಾಗಿರುವವರು ಈ ಕಿಟ್ಟಿಗೆ ಕಾಯಬೇಡಿ. ಮೂಲವ್ಯಾಧಿ ಎಂದು ನೀವೇ ನಿರ್ಧರಿಸಿ ಮುಲಾಮು ಹಚ್ಚಿಕೊಂಡು ಕೂರಬೇಡಿ. ಮೂಲವ್ಯಾಧಿಯೇ ಇರಬಹುದು, ಹೆಚ್ಚಿನ ಸಲ ಅದೇ ಆಗಿರುತ್ತದೆ. ಆದರೆ ಆ ಮಾತನ್ನು ಪರೀಕ್ಷಿಸಿ ನೋಡಿದ ವೈದ್ಯರು ಹೇಳಬೇಕು.