ಸಮುದ್ರದಲ್ಲಿರೋ ಏಡಿಗಳ ಸ್ಥಿತಿ ಚೆನ್ನಾಗಿದ್ಯಾ ಇಲ್ವಾ ಅಂತ ಹೇಗೆ ಗೊತ್ತಾಗುತ್ತೆ?

ಬರೀ ಎಷ್ಟು ಟನ್ ಸಿಕ್ತು ಅಂತ ನೋಡಿದ್ರೆ ಮೋಸ ಹೋಗ್ತೀರ, ಯಾಕಂದ್ರೆ ಏಡಿ ಹಿಡಿಯೋ ಬೋನು ಜಾಸ್ತಿ ಹಾಕ್ತಾ ಹೋದ್ರೆ ಏಡಿ ಕಮ್ಮಿ ಆಗ್ತಿದ್ರೂ ಒಟ್ಟು ತೂಕ ಹಾಗೇ ಇರುತ್ತೆ. ಅದಕ್ಕೇ ಒಂದು ಬೋನಿಗೆ ಸರಾಸರಿ ಎಷ್ಟು ಬಿತ್ತು ಅಂತ ವರ್ಷ ವರ್ಷ ಹೋಲಿಸ್ಬೇಕು.

ಏಡಿ ವಿಷ್ಯದಲ್ಲಿ ದೊಡ್ಡ ತೊಡಕು ವಯಸ್ಸು. ಮೀನಿನ ಕಿವಿಯೊಳಗಿನ ಕಲ್ಲಲ್ಲಿ ಮರದ ಉಂಗುರದ ಥರ ಗೆರೆ ಇರುತ್ತೆ, ಎಣಿಸಬಹುದು, ಆದ್ರೆ ಏಡಿ ಚಿಪ್ಪು ಕಳಚಿಕೊಂಡೇ ಬೆಳೆಯೋದ್ರಿಂದ ಅಂಥ ಸುಲಭದ ಗುರುತು ಉಳಿಯಲ್ಲ. ಹಾಗಾಗಿ ಚಿಪ್ಪಿನ ಅಗಲ ಅಳೀತಾರೆ, ಮರಿಗಳು ಸಿಗ್ತಿವೆಯಾ, ಹೊಟ್ಟೆಯಡಿ ಮೊಟ್ಟೆ ಹೊತ್ತ ಹೆಣ್ಣುಗಳು ಎಷ್ಟು ಅಂತ ನೋಡ್ತಾರೆ. ಕೆಲವು ಕಡೆ ದೊಡ್ಡ ಗಂಡುಗಳನ್ನ ಮಾತ್ರ ಹಿಡೀತಾರಲ್ಲ, ಅಲ್ಲಿ ಹೆಣ್ಣುಗಳಲ್ಲಿ ಮೊಟ್ಟೆ ಕಮ್ಮಿ ಕಂಡ್ರೆ ಗಂಡು ಸಾಲ್ತಿಲ್ವೇನೋ ಅಂತ ಅನುಮಾನ ಪಡ್ಲೇಬೇಕು.

ನನ್ ಪ್ರಕಾರ ಮೀನುಗಾರರ ಲೆಕ್ಕದ ಜೊತೆ ಪ್ರತಿ ವರ್ಷ ಅದೇ ಜಾಗಗಳಲ್ಲಿ ಅದೇ ಥರದ ಬಲೆ ಎಳೆದು ಮಾಡೋ ಸರ್ವೇ ಬೇಕೇ ಬೇಕು. ಅಲಾಸ್ಕಾ ಪಕ್ಕದ ಬೇರಿಂಗ್ ಸಮುದ್ರದಲ್ಲಿ 2018-19ರಲ್ಲಿ ನೀರು ವಿಪರೀತ ಬಿಸಿಯಾದ ಮೇಲೆ ಸ್ನೋ ಕ್ರ್ಯಾಬ್ ಅನ್ನೋ ಜಾತಿಯ ಏಡಿಗಳು ಕೋಟಿಗಟ್ಟಲೆ ಮಾಯ ಆಗಿದ್ದು ಕಂಡಿದ್ದು ಅಂಥ ಸರ್ವೇಯಿಂದ್ಲೇ, 2022ರಲ್ಲಿ ಹಿಡಿಯೋದನ್ನೇ ನಿಲ್ಲಿಸಿದ್ರು.